ಅಗಲ ಪಟ್ಟಿಯ ಅವಕೆಂಪು ಫೈಬರ್ ಬೆಳಕಿನಿಂದ ಅನಿಲ ಪತ್ತೆ: ಜೋಡಿಸುವ ಮತ್ತು ಅಳೆಯುವ ಕ್ರಮ

ಬೆಳಕಿನ ಸಹಾಯದಿಂದ ಅನಿಲವನ್ನು ಅಳೆಯಲು ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಬೆಳಕಿನ ಮೂಲದ ಶಕ್ತಿ ಎಷ್ಟು, ಅದರ ಪಟ್ಟಿ (ಬೆಳಕು ಹರಡಿರುವ ತರಂಗಾಂತರಗಳ ವ್ಯಾಪ್ತಿ) ಎಷ್ಟು ಅಗಲ ಎಂಬುದನ್ನೇ. ಮಾರಾಟಗಾರರ ವಿವರಪಟ್ಟಿಗಳಲ್ಲಿಯೂ ಈ ಎರಡು ಅಂಕಿಗಳೇ ಎದ್ದು ಕಾಣುತ್ತವೆ. ಆದರೆ ಎಷ್ಟು ಕಡಿಮೆ ಅನಿಲವನ್ನು ಗುರುತಿಸಬಹುದೆಂಬುದನ್ನು ಕೊನೆಗೆ ತೀರ್ಮಾನಿಸುವುದು ಇವೆರಡೂ ಅಲ್ಲ. ಕೋಶದಲ್ಲಿ (ಅನಿಲ ತುಂಬಿ ಬೆಳಕು ಹಾಯಿಸುವ ಪಾತ್ರೆಯಲ್ಲಿ) ಅನಿಲವಿಲ್ಲದಾಗ ದಾಖಲಿಸಿದ ರೋಹಿತದ (ಯಾವ ತರಂಗಾಂತರದಲ್ಲಿ ಎಷ್ಟು ಬೆಳಕಿದೆ ಎಂಬ ಚಿತ್ರದ) ಆಕಾರವು, ಅನಿಲ ತುಂಬಿ ಅಳೆದು ಮುಗಿಸುವವರೆಗೂ ಎಷ್ಟರ ಮಟ್ಟಿಗೆ ಬದಲಾಗದೆ ಉಳಿಯುತ್ತದೆ ಎಂಬುದೇ ನಿಜವಾದ ಮಿತಿ. ಮುಂದೆ ಹೇಳುವ ಕ್ರಮವೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ. ಮೊದಲು 1.53 ಮೈಕ್ರೋಮೀಟರಿನಲ್ಲಿ ಅಸಿಟಿಲೀನನ್ನು ಅಳೆದು ಕೈ ಪಳಗಿಸಿಕೊಂಡು, ಅನಂತರ 3.3 ಮೈಕ್ರೋಮೀಟರಿನಲ್ಲಿ ಮೀಥೇನಿಗೆ ಹೋಗುವುದು ನಾನು ಸೂಚಿಸುವ ದಾರಿ. ಸ್ನಾತಕೋತ್ತರ ಭೌತಶಾಸ್ತ್ರ ಅಥವಾ ಉಪಕರಣ ವಿಜ್ಞಾನದ ಪ್ರಯೋಗಶಾಲೆಯಲ್ಲಿ ಇದನ್ನು ಜೋಡಿಸಬಹುದು.

ಮೊದಲು ಅನಿಲ, ಆಮೇಲೆ ಬೆಳಕು

ಪ್ರತಿಯೊಂದು ಅಣುವೂ ತನ್ನ ಕಂಪನ ಮತ್ತು ಸುತ್ತುವಿಕೆಗೆ ಹೊಂದುವ ತರಂಗಾಂತರಗಳನ್ನು ಮಾತ್ರ ಹೀರುತ್ತದೆ. ಮೂಲ ಕಂಪನಗಳ ಹೀರಿಕೆಯು ಮೀಥೇನಿಗೆ 3.3 ಮೈಕ್ರೋಮೀಟರ್, ಇಂಗಾಲದ ಡೈಆಕ್ಸೈಡಿಗೆ 4.26, ಇಂಗಾಲದ ಮಾನಾಕ್ಸೈಡಿಗೆ 4.6, ನೈಟ್ರಿಕ್ ಆಕ್ಸೈಡಿಗೆ 5.3 ಮೈಕ್ರೋಮೀಟರಿನ ಸುತ್ತ ಬೀಳುತ್ತದೆ. ಅಣುಗಳ ಅಧಿಸ್ವರ (ಮೂಲ ಕಂಪನದ ಸುಮಾರು ಎರಡು, ಮೂರು ಪಟ್ಟು ಆವರ್ತನದ) ಮತ್ತು ಸಂಯುಕ್ತ (ಎರಡು ಕಂಪನಗಳು ಕೂಡಿದ) ಕಂಪನಗಳು ದೂರಸಂಪರ್ಕದ ಫೈಬರ್‌ಗಳು ಕೆಲಸ ಮಾಡುವ ವಲಯದಲ್ಲಿಯೂ ಕಾಣಿಸಿಕೊಳ್ಳುತ್ತವೆ: ಮೀಥೇನ್ 1.65ರಲ್ಲಿ, ಅಸಿಟಿಲೀನ್ 1.53ರಲ್ಲಿ, ಅಮೋನಿಯಾ 1.5ರ ಆಸುಪಾಸಿನಲ್ಲಿ. ಮೀಥೇನಿನ 3.3ರ ಪ್ರಬಲ ರೇಖೆಗಳು 1.65ರ ರೇಖೆಗಳಿಗಿಂತ ನೂರಕ್ಕೂ ಹೆಚ್ಚು ಪಟ್ಟು ಬಲವುಳ್ಳವು. ಹಾಗಿದ್ದರೂ ಹತ್ತಿರದ ಅವಕೆಂಪಿನಲ್ಲಿ (1.5ರ ಸುತ್ತಲಿನ ಈ ವಲಯದಲ್ಲಿ) ಡಿಟೆಕ್ಟರ್, ಕನೆಕ್ಟರ್, ಬೆಳಕನ್ನು ಒಂದೇ ದಿಕ್ಕಿಗೆ ಬಿಡುವ ಐಸೊಲೇಟರ್ ಎಲ್ಲವೂ ಅಗ್ಗವಾಗಿ, ಗಟ್ಟಿಮುಟ್ಟಾಗಿ ಸಿಗುವುದರಿಂದ, ಶೇಕಡಾವಾರು ಪ್ರಮಾಣದ ಅನಿಲವನ್ನು ಅಳೆಯುವವರು 3.3ರಂಥ ಉದ್ದ ತರಂಗಾಂತರದ ಪಟ್ಟಿಗೆ ಹೋಗಿ ಹಣ ಸುರಿಯುವ ಅಗತ್ಯವಿಲ್ಲ.

ಆದ್ದರಿಂದ ಬೆಳಕಿನ ಮೂಲಕ್ಕೆ ಬೆಲೆ ಕೇಳುವ ಮೊದಲು ಒಂದು ಲೆಕ್ಕ ಹಾಕಿಕೊಳ್ಳಬೇಕು. ಹಾರ್ವರ್ಡ್-ಸ್ಮಿತ್ಸೋನಿಯನ್ ಖಗೋಳಭೌತ ಕೇಂದ್ರವು ನಿರ್ವಹಿಸುವ ಹೈಟ್ರಾನ್ ದತ್ತಕೋಶದಲ್ಲಿ ಅನಿಲಗಳ ರೇಖೆಗಳ ಸ್ಥಾನ, ಬಲ, ಹರವು ಎಲ್ಲವೂ ಇವೆ. ಹೆಸರು ನೋಂದಾಯಿಸಿಕೊಂಡು ಉಚಿತವಾಗಿ ಇಳಿಸಿಕೊಳ್ಳಬಹುದು. ಅಸಿಟಿಲೀನಿನ 1530.37 ನ್ಯಾನೋಮೀಟರಿನ ರೇಖೆಯ ಬಲ, ಅಲ್ಲಿ ಬಳಸುವ ಮಾನದಲ್ಲಿ, ಸುಮಾರು 10⁻²⁰. ಒಂದು ವಾತಾವರಣದ ಒತ್ತಡದಲ್ಲಿ ಗಾಳಿಯ ಅಣುಗಳ ಡಿಕ್ಕಿಯಿಂದ ರೇಖೆಯ ಅರ್ಧಹರವು ಸುಮಾರು 0.08 ತರಂಗಸಂಖ್ಯೆಯಾಗುತ್ತದೆ (ತರಂಗಸಂಖ್ಯೆ ಎಂದರೆ ಒಂದು ಸೆಂಟಿಮೀಟರಿನಲ್ಲಿ ಅಡಗುವ ತರಂಗಗಳ ಎಣಿಕೆ). ಬಲವನ್ನು ಪೈ ಮತ್ತು ಅರ್ಧಹರವಿನ ಗುಣಲಬ್ಧದಿಂದ ಭಾಗಿಸಿದರೆ ರೇಖೆಯ ನಡುವಿನ ಹೀರಿಕೆಯ ಅಡ್ಡಕೊಯ್ತ (ಒಂದು ಅಣು ಬೆಳಕಿಗೆ ಒಡ್ಡುವ ಪರಿಣಾಮಕಾರಿ ವಿಸ್ತೀರ್ಣ) ಸಿಗುತ್ತದೆ: ಸುಮಾರು 4×10⁻²⁰ ಚದರ ಸೆಂಟಿಮೀಟರ್. ಒಂದು ಪಿಪಿಎಂ (ಹತ್ತು ಲಕ್ಷದಲ್ಲೊಂದು ಪಾಲು) ಎಂದರೆ ಘನ ಸೆಂಟಿಮೀಟರಿಗೆ 2.5×10¹³ ಅಣುಗಳು. ಒಂದು ಪಿಪಿಎಂ ಅನಿಲದ ಒಂದು ಮೀಟರ್ ಹಾದಿಯು ಹೀರುವುದು ಬೆಳಕಿನ ಹತ್ತು ಸಾವಿರದಲ್ಲೊಂದು ಭಾಗ ಎಂದು ಇದರಿಂದ ಹೊರಡುತ್ತದೆ. ಶೇಕಡಾ 1ರ ಮಿಶ್ರಣವನ್ನು 10 ಸೆಂಟಿಮೀಟರ್ ಕೋಶದಲ್ಲಿ ತುಂಬಿದರೆ ಸುಮಾರು ಹತ್ತನೇ ಒಂದು ಭಾಗ ಹೀರಿಕೆಯಾಗಬೇಕು. ಬರಿಗಣ್ಣಿಗೆ ಪರದೆಯ ಮೇಲೆ ಕಾಣುವಷ್ಟು ಆಳ ಅದು. ಈ ಲೆಕ್ಕ ಮಾಡದೆ ಕೊಂಡ ಉಪಕರಣ ಕಪಾಟಿನಲ್ಲೇ ಉಳಿಯುವ ಸಂಭವ ಹೆಚ್ಚು.

ಫೈಬರ್ ಮೂಲವೇ ಏಕೆ?

ಕಾದ ಸಿಲಿಕಾನ್ ಕಾರ್ಬೈಡ್ ಕಡ್ಡಿಯೂ ಅಗಲ ಪಟ್ಟಿಯ ಅವಕೆಂಪು ಬೆಳಕನ್ನು ಕೊಡುತ್ತದೆ. ರಸಾಯನಶಾಸ್ತ್ರ ವಿಭಾಗಗಳ ಫೂರಿಯೇ ರೋಹಿತಮಾಪಕಗಳಲ್ಲಿ (ಕನ್ನಡಿ ಚಲಿಸುತ್ತಿರುವಾಗ ಬೆಳಕನ್ನು ದಾಖಲಿಸಿ, ಗಣಿತದಿಂದ ರೋಹಿತ ಬಿಡಿಸುವ ಯಂತ್ರಗಳಲ್ಲಿ) ಉರಿಯುವುದು ಅದೇ. ಅದರ ತೊಂದರೆ ಇರುವುದು ಬೆಳಕು ಎಲ್ಲ ದಿಕ್ಕಿಗೂ ಚೆಲ್ಲುವುದರಲ್ಲಿ. 1500 ಕೆಲ್ವಿನ್ ತಾಪದ ಕಡ್ಡಿಯಿಂದ ಏಕಮೋಡ್ ಫೈಬರಿನ (ಬೆಳಕು ಒಂದೇ ಬಗೆಯಲ್ಲಿ ಸಾಗುವ, ತೀರ ಸಣ್ಣ ತಿರುಳಿನ ಫೈಬರಿನ) ಒಳಗೆ ಎಷ್ಟು ಬೆಳಕನ್ನು ತೂರಿಸಬಹುದೆಂದು ಪ್ಲ್ಯಾಂಕನ ಸೂತ್ರದಿಂದ ಲೆಕ್ಕ ಹಾಕಿದರೆ, 3.3 ಮೈಕ್ರೋಮೀಟರಿನಲ್ಲಿ ಪ್ರತಿ ನ್ಯಾನೋಮೀಟರ್ ಪಟ್ಟಿಗೆ ಕೇವಲ 0.2 ನ್ಯಾನೋವ್ಯಾಟ್ ಬರುತ್ತದೆ. ಎಂಥ ಮಸೂರವನ್ನು ಬಳಸಿದರೂ ಅದನ್ನು ಹೆಚ್ಚಿಸಲು ಸಾಧ್ಯವಿಲ್ಲ. ಎರಡು ಮೈಕ್ರೋಮೀಟರ್ ಅಗಲಕ್ಕೆ 100 ಮಿಲಿವ್ಯಾಟ್ ಹರಡಿರುವ, ಲೇಸರ್ ಮಿಡಿತಗಳನ್ನು ಫೈಬರಿನೊಳಗೆ ಅಗಲ ಪಟ್ಟಿಯಾಗಿ ಹರಡಿಸುವ ಸಾಧಾರಣ ಸೂಪರ್‌ಕಂಟಿನ್ಯೂಮ್ ಮೂಲವು ಅದೇ ಒಂದು ನ್ಯಾನೋಮೀಟರಿಗೆ 50 ಮೈಕ್ರೋವ್ಯಾಟ್ ಕೊಡುತ್ತದೆ, ಅಂದರೆ ಎರಡೂವರೆ ಲಕ್ಷ ಪಟ್ಟು. ಹತ್ತಾರು ಬಾರಿ ಕನ್ನಡಿಗಳ ನಡುವೆ ಪುಟಿದು ಹೋಗಬೇಕಾದ ಉದ್ದನೆಯ ಕೋಶಕ್ಕೆ ಚೆದುರದೆ ಸಾಗುವ ಇಂಥ ಬೆಳಕೇ ಬೇಕು. ಆದರೆ ಹಾದಿ 10 ಸೆಂಟಿಮೀಟರ್ ಮಾತ್ರವಾಗಿದ್ದು ಫೈಬರಿನ ಗೊಡವೆಯೇ ಇಲ್ಲದಿದ್ದರೆ, ಕಾದ ಕಡ್ಡಿಯ ಸ್ಥಿರತೆಯ ಮುಂದೆ ಸೂಪರ್‌ಕಂಟಿನ್ಯೂಮ್ ಸೋಲುವುದೂ ಉಂಟು.

ಮೊದಲ ಜೋಡಣೆ: ಎರ್ಬಿಯಂ ಬೆಳಕು, ಅಸಿಟಿಲೀನ್ ಕೋಶ

ಎರ್ಬಿಯಂ ಬೆರೆಸಿದ ಸಿಲಿಕಾ ಫೈಬರಿಗೆ 980 ನ್ಯಾನೋಮೀಟರಿನ ಡಯೋಡ್ ಲೇಸರಿನಿಂದ ಶಕ್ತಿಯೂಡಿಸಿದಾಗ ತಾನಾಗಿ ಹೊಮ್ಮುವ ಬೆಳಕು ದಾರಿಯುದ್ದಕ್ಕೂ ವರ್ಧಿಸಿಕೊಂಡು, ಸುಮಾರು 1528ರಿಂದ 1565 ನ್ಯಾನೋಮೀಟರಿನವರೆಗೆ ಹರಡಿದ ಪಟ್ಟಿಯಾಗಿ ಹೊರಬರುತ್ತದೆ. ಪ್ರಯೋಗಶಾಲೆಯವರು ಇದನ್ನು ಎಎಸ್‌ಇ ಮೂಲ ಎನ್ನುತ್ತಾರೆ. ಇದರಲ್ಲಿ ಮಿಡಿತಗಳಿಲ್ಲ, ಅಲುಗಾಟ ಕಡಿಮೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೂಲವಿಲ್ಲ. ಹೊರದಾರಿಯಲ್ಲಿ ಐಸೊಲೇಟರ್ ಇದೆಯೇ ಎಂದು ತಪ್ಪದೆ ನೋಡಿಕೊಳ್ಳಬೇಕು, ಏಕೆಂದರೆ ಮುಂದಿನ ಯಾವುದೋ ಮುಖದಿಂದ ಮರಳಿದ ಬೆಳಕು ಒಳಹೊಕ್ಕರೆ ಮೂಲವು ಲೇಸರಿನಂತೆ ಒಂದೆರಡು ತರಂಗಾಂತರಗಳಲ್ಲಿ ಹೊತ್ತಿಕೊಳ್ಳುತ್ತದೆ.

ಈ ಬೆಳಕನ್ನು ಫೈಬರ್ ಕಾಲಿಮೇಟರಿನ (ಬೆಳಕನ್ನು ಸಮಾನಾಂತರ ಕಿರಣವಾಗಿಸುವ ಮಸೂರದ) ಮೂಲಕ ಕೋಶಕ್ಕೆ ಹಾಯಿಸಿ, ಆಚೆ ತುದಿಯಲ್ಲಿ ಇನ್ನೊಂದು ಕಾಲಿಮೇಟರಿನಿಂದ ಫೈಬರಿಗೆ ಹಿಡಿದು, ದೂರಸಂಪರ್ಕ ಪ್ರಯೋಗಶಾಲೆಗಳಲ್ಲಿರುವ ಆಪ್ಟಿಕಲ್ ಸ್ಪೆಕ್ಟ್ರಮ್ ಅನಲೈಜರಿಗೆ (ರೋಹಿತ ಅಳೆಯುವ ಯಂತ್ರಕ್ಕೆ) ಕೊಡಬೇಕು. ಕನೆಕ್ಟರುಗಳೆಲ್ಲ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿದ, ಹಸಿರು ಬಣ್ಣದ ಎಪಿಸಿ ಬಗೆಯವೇ ಆಗಿರಲಿ; ಹಸಿರಿಗೆ ಓರೆಯಿಲ್ಲದೆ ಉಜ್ಜಿದ ನೀಲಿಯದನ್ನು ಸಿಕ್ಕಿಸಿದರೆ ಎರಡರ ಮುಖವೂ ಹಾಳಾಗುತ್ತದೆ.

ಅನಿಲದ ವಿಷಯದಲ್ಲಿ ಎರಡು ಎಚ್ಚರಿಕೆಗಳು. ವೆಲ್ಡಿಂಗ್ ಸಿಲಿಂಡರಿನ ಅಸಿಟಿಲೀನನ್ನು ಎಂದಿಗೂ ಬಳಸಬಾರದು. ಅದು ಅಸಿಟೋನಿನಲ್ಲಿ ಕರಗಿಸಿಟ್ಟ ಅನಿಲವಾದ್ದರಿಂದ ಅಸಿಟೋನ್ ಆವಿಯೂ ಜೊತೆಗೆ ಬರುತ್ತದೆ. ಅಲ್ಲದೆ ಗಾಳಿಯಲ್ಲಿ ಶೇಕಡಾ 2.5 ದಾಟಿದರೆ ಅಸಿಟಿಲೀನ್ ಹೊತ್ತಿಕೊಳ್ಳಬಲ್ಲದು. ನೈಟ್ರೊಜನ್ನಿನಲ್ಲಿ ಶೇಕಡಾ 1ರಷ್ಟು ಬೆರೆಸಿ ಪ್ರಮಾಣಪತ್ರದೊಡನೆ ಕೊಡುವ ಮಿಶ್ರಣವನ್ನೇ ತರಿಸಬೇಕು. ಎರಡನೆಯದಾಗಿ, ಕೊಳವೆಗಳು ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ, ತಾಮ್ರದವು ಬೇಡ. ತಾಮ್ರದೊಡನೆ ಅಸಿಟಿಲೀನ್ ಸೇರಿ ಉಂಟಾಗುವ ಅಸಿಟಿಲೈಡ್ ಒಣಗಿದ ಮೇಲೆ ಸಣ್ಣ ಪೆಟ್ಟಿಗೂ ಸಿಡಿಯುತ್ತದೆ.

ಮೂಲವನ್ನು ಹಚ್ಚಿ ಅರ್ಧ ಗಂಟೆ ಬಿಟ್ಟು, ಮೊದಲು ಬೆಳಕಿಗೆ ಅಡ್ಡಹಿಡಿದು ಕತ್ತಲೆಯ ದಾಖಲೆ ತೆಗೆಯಬೇಕು. ಆಮೇಲೆ ಕೋಶದಲ್ಲಿ ಶುದ್ಧ ನೈಟ್ರೊಜನ್ ಹರಿಸಿ ಖಾಲಿ ರೋಹಿತ, ಮಿಶ್ರಣ ಹರಿಸಿ ಅನಿಲದ ರೋಹಿತ, ಪುನಃ ನೈಟ್ರೊಜನ್ ಹರಿಸಿ ಇನ್ನೊಂದು ಖಾಲಿ ರೋಹಿತ. ಈ ಕೊನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ಪ್ರಯೋಗದಲ್ಲಿ ಅದರಷ್ಟು ಮುಖ್ಯವಾದ ದಾಖಲೆ ಬೇರೊಂದಿಲ್ಲ. ಎರಡು ಖಾಲಿ ರೋಹಿತಗಳನ್ನು ಒಂದರಿಂದ ಇನ್ನೊಂದನ್ನು ಭಾಗಿಸಿ ಬಿಡಿಸಿದಾಗ ಅದು ಒಂದಕ್ಕೆ ಸಮನಾದ ನೇರ ಗೆರೆಯಾಗಿರಬೇಕು. ಎಲ್ಲಿ ಎಷ್ಟು ಸೊಟ್ಟಗಾಗಿದೆಯೋ ಅಷ್ಟೇ ನಿಮ್ಮ ಅಳತೆಯ ನಿಜವಾದ ಅನಿಶ್ಚಿತತೆ. ಸಾವಿರದಲ್ಲೊಂದು ಭಾಗ ಸೊಟ್ಟಗಿದ್ದರೆ, 10 ಸೆಂಟಿಮೀಟರ್ ಕೋಶದಲ್ಲಿ 100 ಪಿಪಿಎಂಗಿಂತ ಕಡಿಮೆ ಅಸಿಟಿಲೀನ್ ಇದೆಯೆಂದು ಹೇಳಲು ಆಧಾರವಿರುವುದಿಲ್ಲ.

1528ರಿಂದ 1536 ನ್ಯಾನೋಮೀಟರಿನವರೆಗೆ, 0.05 ನ್ಯಾನೋಮೀಟರ್ ಸೂಕ್ಷ್ಮತೆಯಲ್ಲಿ, 0.01ರ ಹೆಜ್ಜೆಯಲ್ಲಿ ಅಳೆದರೆ ಸುಮಾರು 0.6 ನ್ಯಾನೋಮೀಟರಿಗೆ ಒಂದರಂತೆ ಗುಣಿಗಳು ಸಾಲಾಗಿ ಕಾಣುತ್ತವೆ. ಅವು ಒಂದೇ ಆಳದವಲ್ಲ. 1530.37ರದು ಆಳ, 1530.98ರದರ ಆಳ ಕಡಿಮೆ, 1531.59ರದು ಮತ್ತೆ ಆಳ, ಹೀಗೆ ಒಂದು ಬಿಟ್ಟು ಒಂದು ಸುಮಾರು ಮೂರಕ್ಕೆ ಒಂದರ ಅನುಪಾತದಲ್ಲಿ ಬರುತ್ತವೆ. ಅಸಿಟಿಲೀನಿನ ಎರಡು ಹೈಡ್ರೊಜನ್ ಪರಮಾಣುಬೀಜಗಳ ಗಿರಕಿಗಳು (ಸ್ಪಿನ್) ಜೊತೆಗೂಡುವ ಬಗೆಯಿಂದ ಉಂಟಾಗುವ ಈ ಏರಿಳಿತ ಅಣುವಿನ ಸಹಿಯೇ ಸರಿ. ಇದು ಕಾಣದಿದ್ದರೆ ನೋಡುತ್ತಿರುವುದು ಅನಿಲವನ್ನಲ್ಲ.

ಅನಿಲವಲ್ಲದಿದ್ದರೆ ಮತ್ತೇನು? ಬಹುಪಾಲು ಸಂದರ್ಭಗಳಲ್ಲಿ ಕಿಟಕಿ ಗಾಜಿನ ಎರಡು ಮುಖಗಳ ನಡುವೆ ಪುಟಿದ ಬೆಳಕಿನ ವ್ಯತಿಕರಣದ ಪಟ್ಟೆಗಳು. ಬೆಳಕು ಅಗಲ ಪಟ್ಟಿಯದಾದ್ದರಿಂದ ವ್ಯತಿಕರಣ ಕಾಣಲಾರದು ಎಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಅದು ಸರಿಯಲ್ಲ. ರೋಹಿತಮಾಪಕವು ಬೆಳಕನ್ನು 0.05 ನ್ಯಾನೋಮೀಟರಿನ ಎಳೆಗಳಾಗಿ ಬಿಡಿಸಿದ ಮೇಲೆ ಪ್ರತಿ ಎಳೆಯ ಸುಸಂಗತ ಉದ್ದವು (ಬೆಳಕು ತನ್ನೊಡನೆ ತಾನೇ ವ್ಯತಿಕರಿಸಬಲ್ಲ ಅಂತರವು) ಸುಮಾರು 4.7 ಸೆಂಟಿಮೀಟರಾಗುತ್ತದೆ, ಅದಕ್ಕಿಂತ ಚಿಕ್ಕ ಅಂತರದಲ್ಲಿ ಹೋಗಿಬರುವ ಪ್ರತಿಫಲನಗಳೆಲ್ಲ ಪಟ್ಟೆಗಳಾಗಿ ಮೂಡುತ್ತವೆ. ಸಮಾನಾಂತರ ಮುಖಗಳುಳ್ಳ, 1.3 ಮಿಲಿಮೀಟರ್ ದಪ್ಪದ ಸಿಲಿಕಾ ಕಿಟಕಿಯ ಪಟ್ಟೆಗಳ ಅಂತರ ಈ ವಲಯದಲ್ಲಿ 0.62 ನ್ಯಾನೋಮೀಟರ್, ಅಂದರೆ ಅಸಿಟಿಲೀನ್ ರೇಖೆಗಳ ಅಂತರವೇ! ಕೋಶ ಪೂರ್ತಿ ಖಾಲಿಯಿದ್ದರೂ ಅನಿಲವಿದೆಯೆಂದು ತೋರಿಸಲು ಇಷ್ಟು ಸಾಕು. ಓರೆ ಮುಖದ ಕಿಟಕಿಗಳನ್ನು ಬಳಸುವುದು, ಕೋಶವನ್ನು ಕೊಂಚ ವಾಲಿಸಿ ಕೂರಿಸುವುದು, ಬೆಳಕಿನ ಮೂಲ ಮತ್ತು ಕೋಶದ ತಾಪವನ್ನು ಸ್ಥಿರವಾಗಿಡುವುದು, ಇವು ಇದಕ್ಕೆ ಮದ್ದು. ಲೆಕ್ಕದ ಹಂತದಲ್ಲಿ ಪಟ್ಟೆಗಳನ್ನು ಶೋಧಿಸಿ ತೆಗೆಯಬಹುದೆಂಬ ಧೈರ್ಯದಿಂದ ಜೋಡಣೆಯನ್ನು ಸಡಿಲ ಬಿಡಬಾರದು.

ಗುಣಿಯ ಆಳದಿಂದ ಪ್ರಮಾಣಕ್ಕೆ

ಅಸಿಟಿಲೀನ್ ರೇಖೆಯ ಪೂರ್ಣ ಹರವು ಸುಮಾರು 0.038 ನ್ಯಾನೋಮೀಟರ್; ಅಳೆಯುವ ಯಂತ್ರದ ಸೂಕ್ಷ್ಮತೆ 0.05. ಹೀಗಿರುವಾಗ ಪರದೆಯ ಮೇಲಿನ ಗುಣಿ ನಿಜವಾದದ್ದಕ್ಕಿಂತ ಅಗಲವಾಗಿಯೂ ಕಡಿಮೆ ಆಳದ್ದಾಗಿಯೂ ಕಾಣುತ್ತದೆ. ಅದರ ಆಳವನ್ನೇ ಮೊದಲು ಹೇಳಿದ ಹೀರಿಕೆಯ ಲೆಕ್ಕಕ್ಕೆ ಹಾಕಿದರೆ ಪ್ರಮಾಣ ಕಡಿಮೆ ಬರುವುದು ಖಂಡಿತ. ಹೀರಿಕೆ ಕಡಿಮೆಯಿದ್ದಾಗ ಗುಣಿಯ ವಿಸ್ತೀರ್ಣ ಮಾತ್ರ ಬದಲಾಗದು. ಸರಿಯಾದ ಕ್ರಮವೆಂದರೆ, ಹೈಟ್ರಾನಿನ ಅಂಕಿಗಳಿಂದ ಕೋಶದ ಒತ್ತಡ ಮತ್ತು ತಾಪಕ್ಕೆ ಅನುಗುಣವಾಗಿ ಪಾರಗಮನದ (ಅನಿಲವನ್ನು ದಾಟಿ ಬರುವ ಬೆಳಕಿನ ಪಾಲಿನ) ರೋಹಿತವನ್ನು ಲೆಕ್ಕಹಾಕಿ, ಅದನ್ನು ಯಂತ್ರದ ಸೂಕ್ಷ್ಮತೆಗೆ ತಕ್ಕಂತೆ ಮಸುಕುಗೊಳಿಸಿ, ಕೆಳದರ್ಜೆಯ ಬಹುಪದದ ಆಧಾರರೇಖೆಯೊಡನೆ ಅಳೆದ ರೋಹಿತಕ್ಕೆ ಹೊಂದಿಸುವುದು. ಹೈಟ್ರಾನಿನವರೇ ಒದಗಿಸುವ ಹಾಪಿ ಎಂಬ ಪೈಥಾನ್ ತಂತ್ರಾಂಶದಲ್ಲಿ ಇದಕ್ಕೆ ಬೇಕಾದ ಸಲಕರಣೆಗಳಿವೆ. ಮಸುಕುಗೊಳಿಸುವುದು ಪಾರಗಮನಕ್ಕೆ, ಅದರ ಲಾಗರಿತಮ್ ಆದ ಹೀರಿಕೆಗಲ್ಲ ಎಂಬುದನ್ನು ನೆನಪಿಡಬೇಕು. ಎರಡರ ಫಲಿತಾಂಶ ಒಂದೇ ಅಲ್ಲ.

ಒತ್ತಡದ ಬಗ್ಗೆ ಕರ್ನಾಟಕದ ಓದುಗರು ಇನ್ನೂ ಒಂದು ವಿಷಯವನ್ನು ಗಮನಿಸಬೇಕು. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ವಾಯುವಿನ ಒತ್ತಡ ಸುಮಾರು 910 ಹೆಕ್ಟೋಪ್ಯಾಸ್ಕಲ್, ಅಂದರೆ ಪಠ್ಯಪುಸ್ತಕದ ಒಂದು ವಾತಾವರಣದ ಹತ್ತರಲ್ಲಿ ಒಂಬತ್ತು ಭಾಗ. ಅಣುಗಳ ಸಂಖ್ಯೆ ಹತ್ತನೇ ಒಂದರಷ್ಟು ಇಳಿಯುತ್ತದೆ, ಜೊತೆಗೆ ರೇಖೆಯ ಹರವೂ ಅಷ್ಟೇ ಇಳಿಯುತ್ತದೆ. ಹೀಗಾಗಿ ಪೂರ್ಣವಾಗಿ ಬಿಡಿಸಿ ನೋಡಿದರೆ ಗುಣಿಯ ತಳ ಬಹುಮಟ್ಟಿಗೆ ಅಲ್ಲೇ ಇರುತ್ತದೆ, ಆದರೆ ವಿಸ್ತೀರ್ಣ ಶೇಕಡಾ 10ರಷ್ಟು ಕಡಿಮೆಯಾಗುತ್ತದೆ. ಮಂಗಳೂರಿನಲ್ಲಿ ಸರಿಹೊಂದಿಸಿದ ಲೆಕ್ಕವನ್ನು ಬೆಂಗಳೂರಿನಲ್ಲಿ ಹಾಗೆಯೇ ಓಡಿಸಿದರೆ ಅಷ್ಟೇ ತಪ್ಪು ಬರುತ್ತದೆ. ಕೋಶದ ಮೇಲೊಂದು ಒತ್ತಡಮಾಪಕ ಇರಲೇಬೇಕು.

ಅಸಿಟಿಲೀನ್ ಬರೀ ಅಭ್ಯಾಸದ ಅನಿಲವೂ ಅಲ್ಲ. ವಿದ್ಯುತ್ ಟ್ರಾನ್ಸ್‌ಫಾರ್ಮರಿನ ಎಣ್ಣೆಯಲ್ಲಿ ಅದು ಕರಗಿರುವುದು ಕಂಡುಬಂದರೆ ಒಳಗೆ ವಿದ್ಯುತ್ ಕಿಡಿ ಹೊತ್ತಿದೆ ಎಂದೇ ಅರ್ಥೈಸುತ್ತಾರೆ. ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಂಥ ಕಡೆ ಎಣ್ಣೆಯ ಮಾದರಿಗಳಲ್ಲಿ ಇಂಥ ಅನಿಲಗಳ ಪರೀಕ್ಷೆ ನಡೆಯುತ್ತದೆ. ಆದರೆ ಅಲ್ಲಿ ಬೇಕಾಗುವುದು ಕೆಲವೇ ಪಿಪಿಎಂ ಮಟ್ಟದ ಅಳತೆ; ಅದಕ್ಕೆ 10 ಸೆಂಟಿಮೀಟರ್ ಕೋಶ ಸಾಲದು, ಎರಡು ನಿಮ್ನ ಕನ್ನಡಿಗಳ ನಡುವೆ ಬೆಳಕನ್ನು ಹಲವು ಬಾರಿ ಓಡಿಸುವ ಹೆರಿಯಟ್ ಕೋಶ ಬೇಕು.

ಎರಡನೆಯ ಜೋಡಣೆ: 3.3 ಮೈಕ್ರೋಮೀಟರಿನಲ್ಲಿ ಮೀಥೇನ್

ಸುಮಾರು 2.4 ಮೈಕ್ರೋಮೀಟರಿನಾಚೆಗೆ ಸಿಲಿಕಾ ಗಾಜು ಬೆಳಕನ್ನು ತಾನೇ ನುಂಗತೊಡಗುತ್ತದೆ. ಅಲ್ಲಿಂದ ಮುಂದೆ ಜಿಬ್ಲಾನ್ ಎಂಬ ಫ್ಲೋರೈಡ್ ಗಾಜಿನ ಫೈಬರ್ 4.5 ಮೈಕ್ರೋಮೀಟರಿನ ತನಕ, ಇಂಡಿಯಂ ಫ್ಲೋರೈಡಿನದು 5.5ರ ತನಕ ಕೈಹಿಡಿಯುತ್ತದೆ. ಜಿರ್ಕೋನಿಯಂ, ಬೇರಿಯಂ, ಲ್ಯಾಂಥನಂ, ಅಲ್ಯೂಮಿನಿಯಂ, ಸೋಡಿಯಂಗಳ ಫ್ಲೋರೈಡುಗಳನ್ನು ಬೆರೆಸಿದ ಗಾಜು ಜಿಬ್ಲಾನ್; ಫ್ಲೋರೈಡ್ ಗಾಜುಗಳ ಈ ವಂಶ ಹುಟ್ಟಿದ್ದು 1970ರ ದಶಕದ ನಡುವೆ, ಫ್ರಾನ್ಸಿನ ರೆನ್ ನಗರದಲ್ಲಿ.

ಈ ವಲಯದ ಸೂಪರ್‌ಕಂಟಿನ್ಯೂಮ್ ಮೂಲಗಳ ಒಳರಚನೆಯನ್ನು ಅರಿತಿದ್ದರೆ ಅವುಗಳ ನಾಯ್ಸ್ (ಅಳತೆಯನ್ನು ಕದಡುವ ಅಲುಗಾಟ) ಎಲ್ಲಿಂದ ಬರುತ್ತದೆಂದು ತಿಳಿಯುತ್ತದೆ. ಸಾಮಾನ್ಯ ವಿನ್ಯಾಸದಲ್ಲಿ 1.55 ಮೈಕ್ರೋಮೀಟರಿನ ಡಯೋಡ್ ಲೇಸರಿನ ನ್ಯಾನೋಸೆಕೆಂಡ್ ಮಿಡಿತಗಳನ್ನು ಎರ್ಬಿಯಂ ಫೈಬರಿನಲ್ಲಿ ವರ್ಧಿಸಿ, ಸಿಲಿಕಾ ಫೈಬರಿನಲ್ಲಿ ಸಾಗಿಸುತ್ತಾರೆ. ಅಲ್ಲಿ ಪ್ರತಿ ಮಿಡಿತವೂ ಅಸ್ಥಿರಗೊಂಡು, ಆಕಾರ ಕೆಡದೆ ಸಾಗುವ ಅನೇಕ ಚಿಕ್ಕ ಮಿಡಿತಗಳಾಗಿ, ಎಂದರೆ ಸೊಲಿಟಾನ್‌ಗಳಾಗಿ ಒಡೆಯುತ್ತದೆ. ಆ ಸೊಲಿಟಾನ್‌ಗಳು ರಾಮನ್ ಚದುರಿಕೆಯಿಂದ (ಬೆಳಕು ತನ್ನ ಶಕ್ತಿಯ ಪಾಲನ್ನು ಗಾಜಿನ ಕಂಪನಗಳಿಗೆ ಕೊಡುವುದರಿಂದ) ಶಕ್ತಿ ಕಳೆದುಕೊಳ್ಳುತ್ತ ಉದ್ದ ತರಂಗಾಂತರಗಳ ಕಡೆಗೆ ಜಾರುತ್ತವೆ. 1928ರಲ್ಲಿ ದ್ರವಗಳಲ್ಲಿ ಸಿ. ವಿ. ರಾಮನ್ ಕಂಡ ವಿದ್ಯಮಾನವೇ ಇಲ್ಲಿ ಬೆಳಕನ್ನು ಎರಡು ಮೈಕ್ರೋಮೀಟರಿನಾಚೆ ತಳ್ಳುವ ಕೆಲಸ ಮಾಡುತ್ತದೆ. ಥೂಲಿಯಂ ಫೈಬರಿನಲ್ಲಿ ಮತ್ತೊಮ್ಮೆ ವರ್ಧನೆಗೊಂಡು, ಕೊನೆಗೆ ಜಿಬ್ಲಾನಿನಲ್ಲಿ ಸಾಗಿ ಅದು 4 ಮೈಕ್ರೋಮೀಟರಿನ ಆಚೆಯವರೆಗೆ ಹರಡುತ್ತದೆ. ಮಿಡಿತ ಒಡೆಯುವ ಕ್ರಿಯೆಗೆ ಕಿಡಿ ಹಚ್ಚುವುದು ಯಾದೃಚ್ಛಿಕ ಕ್ವಾಂಟಂ ಅಲುಗಾಟ. ಆದ್ದರಿಂದ ಒಂದು ಮಿಡಿತದ ರೋಹಿತ ಮುಂದಿನದರಂತೆ ಇರುವುದಿಲ್ಲ, ಮತ್ತು ಈ ವ್ಯತ್ಯಾಸ ಪಟ್ಟಿಯ ಉದ್ದ ತರಂಗಾಂತರದ ಅಂಚಿನಲ್ಲಿ ವಿಪರೀತವಾಗಿರುತ್ತದೆ. ಇದರಿಂದ ಕೊಳ್ಳುವವರಿಗೊಂದು ನೇರ ಸೂಚನೆ ಸಿಗುತ್ತದೆ: 3.3ರಲ್ಲಿ ಅಳೆಯಬೇಕಾದರೆ 3.5ಕ್ಕೆ ಮುಗಿಯುವ ಮೂಲ ಬೇಡ, 4.2ರವರೆಗೆ ಹೋಗುವುದಿರಲಿ.

ಫೂರಿಯೇ ರೋಹಿತಮಾಪಕದೊಡನೆ ಜೋಡಿಸುವಾಗ ಮಿಡಿತಗಳ ಆವರ್ತನ ಮೆಗಾಹರ್ಟ್ಸ್ ಮಟ್ಟದಲ್ಲಿರಬೇಕು. ಹತ್ತಾರು ಕಿಲೋಹರ್ಟ್ಸ್‌ನ ಮೂಲವಾದರೆ ಅದರ ಮಿಡಿತಗಳೂ ಕನ್ನಡಿ ಚಲಿಸುವಾಗ ದತ್ತಾಂಶ ಹಿಡಿಯುವ ವೇಗವೂ ಒಂದಕ್ಕೊಂದು ಸಿಕ್ಕಿ ರೋಹಿತದಲ್ಲಿ ಇಲ್ಲದ ಶಿಖರಗಳು ಮೂಡುತ್ತವೆ. ಇನ್ನೂ ಮುಖ್ಯವಾದದ್ದು ಫಿಲ್ಟರ್. ಈ ಬಗೆಯ ರೋಹಿತಮಾಪಕದ ಡಿಟೆಕ್ಟರಿನ ಮೇಲೆ ಎಲ್ಲ ತರಂಗಾಂತರಗಳೂ ಒಟ್ಟಿಗೇ ಬೀಳುವುದರಿಂದ, ಬೇಡದ 2 ಮೈಕ್ರೋಮೀಟರಿನ ಬೆಳಕಿನ ಅಲುಗಾಟವೂ 3.3ರ ರೋಹಿತದಲ್ಲಿ ನಾಯ್ಸ್ ಆಗಿ ಹರಡಿಕೊಳ್ಳುತ್ತದೆ. 3.1ರಿಂದ 3.6ರವರೆಗೆ ಮಾತ್ರ ಬಿಡುವ ಫಿಲ್ಟರನ್ನು ಕೋಶಕ್ಕಿಂತ ಮೊದಲೇ ಇಟ್ಟು ಉಳಿದ ಬೆಳಕನ್ನು ಎಸೆಯುವುದು ಲಾಭದಾಯಕ. ಹಣ ಕೊಟ್ಟು ಕೊಂಡ ಬೆಳಕಿನ ಮುಕ್ಕಾಲು ಪಾಲನ್ನು ತಡೆಯಲು ಯಾರಿಗೂ ಮನಸ್ಸು ಬಾರದು, ಆದರೂ ಮಾಡಬೇಕು. ಅದರೊಡನೆ, ಕೋಶಕ್ಕೆ ಹೋಗುವ ಮುನ್ನ ಕ್ಯಾಲ್ಸಿಯಂ ಫ್ಲೋರೈಡಿನ ಓರೆ ಬಿಲ್ಲೆಯಿಂದ ಸ್ವಲ್ಪ ಬೆಳಕನ್ನು ಕವಲೊಡೆಸಿ ಎರಡನೆಯ ಡಿಟೆಕ್ಟರಿಗೆ ಕೊಟ್ಟು ಭಾಗಿಸಿದರೆ, ಒಟ್ಟು ತೀವ್ರತೆಯ ಏರಿಳಿತದ ಬಹುಭಾಗ ರದ್ದಾಗುತ್ತದೆ. ನೂರು ದಾಖಲೆಗಳ ಸರಾಸರಿಯಿಂದ ನಾಯ್ಸ್ ಹತ್ತನೇ ಒಂದಕ್ಕೆ ಇಳಿಯಬೇಕು. ಇಳಿಯುವುದು ನಿಂತ ಕಡೆ ಆಧಾರರೇಖೆ ಸರಿದಾಡುತ್ತಿದೆ ಎಂದರ್ಥ, ಅಲ್ಲಿಂದಾಚೆ ಸರಾಸರಿ ತೆಗೆಯುವುದು ಸಮಯ ವ್ಯರ್ಥ.

ವಾತಾವರಣದಲ್ಲಿರುವ ಮೀಥೇನ್ 1.9 ಪಿಪಿಎಂನ ಆಸುಪಾಸಿನದು. 3.3ರ ಪ್ರಬಲ ರೇಖೆಯನ್ನು ಪೂರ್ಣವಾಗಿ ಬಿಡಿಸಿ ನೋಡಿದರೆ, ಹತ್ತು ಮೀಟರ್ ಹಾದಿಯಲ್ಲಿ ಇಷ್ಟೇ ಅನಿಲ ಶೇಕಡಾ ಕೆಲವು ಭಾಗದಷ್ಟು ಬೆಳಕನ್ನು ಹೀರುತ್ತದೆ. ಹಾಗಾಗಿ ಕೋಣೆಯ ಗಾಳಿಯಲ್ಲಿ ಬೆಳಕು ಸಾಗುವ ಭಾಗವನ್ನೂ ಹಾದಿಯ ಲೆಕ್ಕಕ್ಕೆ ಸೇರಿಸಬೇಕು, ಇಲ್ಲವೇ ಅಲ್ಲಿಯೂ ನೈಟ್ರೊಜನ್ ತುಂಬಬೇಕು. ಈಥೇನ್ ರೇಖೆಗಳೂ ಇದೇ ವಲಯದಲ್ಲಿ ಬೀಳುತ್ತವೆ. ಒಂದೇ ರೇಖೆಯನ್ನು ನೋಡುವ ಲೇಸರ್ ಇಲ್ಲಿ ಮೋಸಹೋಗಬಹುದು. ನೂರಾರು ರೇಖೆಗಳನ್ನು ಒಟ್ಟಿಗೆ ಹೊಂದಿಸುವ ಅಗಲ ಪಟ್ಟಿಯ ಬೆಳಕು ಎರಡು ಅನಿಲಗಳನ್ನೂ ಬೇರ್ಪಡಿಸುತ್ತದೆ. ಕನೆಕ್ಟರ್ ಒರೆಸುವ ಐಸೊಪ್ರೊಪೈಲ್ ಆಲ್ಕೊಹಾಲಿನ ಆವಿ ಕೂಡ 3.3ರಿಂದ 3.5ರವರೆಗೆ ಅಗಲವಾಗಿ ಹೀರುವುದರಿಂದ, ಒರೆಸಿದ ಬಟ್ಟೆಯನ್ನು ಮೇಜಿನ ಮೇಲೆ ಬಿಟ್ಟು ಅಳೆಯಲು ಕೂತರೆ ಆಧಾರರೇಖೆಯೇ ಬಾಗುತ್ತದೆ.

ಫ್ಲೋರೈಡ್ ಫೈಬರಿನ ಆರೈಕೆ

ಫ್ಲೋರೈಡ್ ಫೈಬರ್ ಸಿಲಿಕಾದಂತೆ ಒರಟು ಬಳಕೆಯನ್ನು ಸಹಿಸದು. ತೇವ ಅದರ ಶತ್ರು: ತುದಿಯ ಮುಖ ನೀರಿನಾವಿಯೊಡನೆ ನಿಧಾನವಾಗಿ ವರ್ತಿಸುತ್ತದೆ, ಅಲ್ಲಿ ಸೇರಿಕೊಂಡ ಹೈಡ್ರಾಕ್ಸಿಲ್ 2.9 ಮೈಕ್ರೋಮೀಟರಿನ ಸುತ್ತ ಬೆಳಕನ್ನು ಹೀರಿ ಕಾಯುತ್ತದೆ, ಶಕ್ತಿ ಹೆಚ್ಚಿದ್ದರೆ ಮುಖ ಸುಟ್ಟೇ ಹೋಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಕೆಲಸ ಮಾಡುವವರು ಮುಚ್ಚಳ ತೆರೆದಿಟ್ಟ ಫೈಬರನ್ನು ರಾತ್ರಿಯಿಡೀ ಬಿಡಬಾರದು. ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಬೇಕು. ಸಿಲಿಕಾ ಫೈಬರಿಗೆ ಹೊಂದಿಸಿದ ಸ್ಪ್ಲೈಸಿಂಗ್ (ತುದಿಗಳನ್ನು ಬೆಸೆಯುವ) ಯಂತ್ರದ ವಿದ್ಯುತ್ ಚಾಪಕ್ಕೆ ಒಡ್ಡಿದರೆ ಜಿಬ್ಲಾನ್ ತುದಿ ಕರಗಿ ಹನಿಯಾಗುತ್ತದೆ, ಏಕೆಂದರೆ ಅದು ಮೆತ್ತಗಾಗಲು ಮುನ್ನೂರು ಡಿಗ್ರಿಯೂ ಬೇಡ. ಅದಕ್ಕಾಗಿಯೇ ತಯಾರಕರು ಕನೆಕ್ಟರ್ ಹಾಕಿ ಕೊಟ್ಟದ್ದನ್ನೇ ಬಳಸುವುದು ಉತ್ತಮ.

500 ಮಿಲಿವ್ಯಾಟ್ ಮೀರಿದ ಮೂಲಗಳು ನಾಲ್ಕನೆಯ ವರ್ಗದ ಲೇಸರುಗಳ ಸಾಲಿಗೆ ಸೇರುತ್ತವೆ. ಕಣ್ಣಿಗೆ ಕಾಣದ ಈ ಬೆಳಕಿನ ದಾರಿಯನ್ನು ತಿಳಿಯಲು ಕೈ ಅಡ್ಡ ಹಿಡಿಯದೆ ತಾಪಸಂವೇದಿ ಕಾಗದವನ್ನು ಬಳಸಬೇಕು. ಮೂಲದ ಇಡೀ ಪಟ್ಟಿಗೆ ಹೊಂದುವ ಕನ್ನಡಕ ಧರಿಸಬೇಕು, 1.06 ಮೈಕ್ರೋಮೀಟರಿನ ಲೇಸರಿಗೆಂದು ತಂದ ಹಳೆಯ ಕನ್ನಡಕ ಇಲ್ಲಿ ಉಪಯೋಗಕ್ಕೆ ಬಾರದು.

5.5 ಮೈಕ್ರೋಮೀಟರಿನ ಆಚೆ, ಗಂಧಕದ ಡೈಆಕ್ಸೈಡಿನ 7.3ರಂಥ ಪಟ್ಟಿಗಳಿಗೆ ಹೋಗಬೇಕಾದರೆ ಚಾಲ್ಕೊಜಿನೈಡ್ (ಗಂಧಕ, ಸೆಲೆನಿಯಂನಂಥ ಧಾತುಗಳುಳ್ಳ) ಗಾಜಿನ ಫೈಬರ್ ಬೇಕಾಗುತ್ತದೆ. 2014ರಲ್ಲಿ ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯದ ತಂಡವು ಇಂಥ ಫೈಬರಿನಿಂದ 1.4ರಿಂದ 13.3 ಮೈಕ್ರೋಮೀಟರಿನವರೆಗೆ ಹರಡಿದ ಬೆಳಕನ್ನು ಪಡೆದು ತೋರಿಸಿತು. ಆದರೆ ಈ ಗಾಜುಗಳಲ್ಲಿ ಹಲವು ಆರ್ಸೆನಿಕ್ ಇರುವಂಥವು. ತುದಿ ಕತ್ತರಿಸುವಾಗ ಕೈಗವಸು ಬೇಕು, ಚೂರುಗಳನ್ನು ಅಂಟುಪಟ್ಟಿಯಿಂದ ಎತ್ತಿ ಹೆಸರು ಬರೆದ ಮುಚ್ಚಳದ ಡಬ್ಬಿಗೆ ಹಾಕಬೇಕು, ಸಾಮಾನ್ಯ ಗಾಜಿನ ಕಸದೊಡನೆ ಬೆರೆಸಬಾರದು.